ರಾಜಮಾತೆ ಸತ್ತ ಸೋಮವಾರ

ಸೊಸೆ ಅಚ್ಚಿನ ಮನೆಯಲ್ಲಿ ಕರಡು ತಿದ್ದುವವಳು. ಅದೂ ಕಥೆ ಕಾದಂಬರಿಗಳ ಕರಡಲ್ಲ. ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುವ, ಯಾರೂ ಬಿಡಿಸಿ ಓದದ ತೆಳ್ಳನೆಯ ಕಾಗದದ ಕರಡು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸೊನ್ನೆ ಅವಳ ಕಣ್ಣು ತಪ್ಪಿಸಿ ಆಚೆ ಹೋಗಿರಲಿಲ್ಲ. ಇಂಥವಳು ಒಂದು ಸೋಮವಾರ ಸಂಜೆ ಏಳೂವರೆಗೆ, ಬೇಕಂತಲೇ ಹಸಿ ಸುಳ್ಳು ಓದಿ, ಚೆನ್ನಾಗಿ ಬದುಕಿದ್ದ ಹೆಂಗಸೊಬ್ಬಳನ್ನು ಸಾಯಿಸಿಬಿಟ್ಟಳು.

ಎಲ್ಲಕ್ಕೂ ಮೂಲ ಅತ್ತೆಯ ಕಣ್ಣು. ಅತ್ತೆ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ವಾರ್ಡಿನಲ್ಲಿ ಅವರ ಚಪ್ಪಲಿ ಸದ್ದು ಕೇಳಿದರೆ ರೋಗಿಗಳಿರಲಿ, ಡಾಕ್ಟರುಗಳೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರಂತೆ. ಈಗ ಅವರ ಬಲಗಣ್ಣಿನ ಒಳಪೊರೆ ಬಿಟ್ಟುಕೊಂಡು ಆಪರೇಷನ್ ಆಗಿತ್ತು. ಕಣ್ಣೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟಿದ್ದೇವೆ, ಅದು ಪೊರೆಯನ್ನು ಒತ್ತಿ ಹಿಡಿಯಬೇಕಾದರೆ ಎರಡು ವಾರ ಮುಖ ಕೆಳಗೆ ಮಾಡಿಕೊಂಡೇ ಇರಬೇಕು ಎಂದಿದ್ದರು ಡಾಕ್ಟರು. ಎಡಗಣ್ಣು ಮೊದಲೇ ಮಂಜು. ಮಗ ರೈಲಿನಲ್ಲಿ ಗಾರ್ಡು. ನಡುವೆ ತೂತಿರುವ ದಿಂಬೊಂದನ್ನು ತಂದುಕೊಟ್ಟು, ತನ್ನ ಕರ್ತವ್ಯ ಮುಗಿಯಿತೆಂಬಂತೆ ಡ್ಯೂಟಿಗೆ ಹೋದ. ಅತ್ತೆ ಆ ತೂತಿನಲ್ಲಿ ಮುಖ ಹುದುಗಿಸಿ ಬೋರಲು ಮಲಗಿದರು. ಅಪ್ಪಣೆಗಳು ಮಾತ್ರ ಎಂದಿನಂತೆ ಬರುತ್ತಲೇ ಇದ್ದವು, ಈಗ ನೆಲಕ್ಕೆ ಬಡಿದು ಪುಟಿದು.

ಮೊದಲ ದಿನವೇ ಅತ್ತೆ ಕೇಳಿದ್ದು, “ಸೀರಿಯಲ್ ಗತಿ ಏನು?”

ಆ ಸೀರಿಯಲ್ಲನ್ನು ಆಗ ಬೀದಿಗೆ ಬೀದಿಯೇ ನೋಡುತ್ತಿತ್ತು. ಹೆಸರಿಲ್ಲದ ಯಾವುದೋ ಕಾಲ, ನದಿಯೇ ಮಾತಾಡುವ ರಾಜ್ಯ, ರೆಕ್ಕೆಯ ಕುದುರೆಗಳು. ಕೈಲಾಗದ ಒಬ್ಬ ರಾಜ, ಅವನ ತಾಯಿ ರಾಜಮಾತೆ, ಅವನ ಹೆಂಡತಿ ಕಿರಿಯ ರಾಣಿ. ಪಾತ್ರಗಳೆಲ್ಲ ಆಡುವುದು ಪರಭಾಷೆ. ಕೆಳಗೆ ನಮ್ಮ ಭಾಷೆಯ ಅಕ್ಷರಗಳು ಓಡುತ್ತಿದ್ದವು. ರಾಜಮಾತೆಯೆಂದರೆ ಊರಿಗೆಲ್ಲ ಮೈಯುರಿ. ಅತ್ತೆಗೆ ಮಾತ್ರ ಪಂಚಪ್ರಾಣ. “ಆ ಅರಮನೆಯಲ್ಲಿ ಕೆಲಸ ಗೊತ್ತಿರೋಳು ಅವಳೊಬ್ಬಳೇ,” ಎನ್ನುತ್ತಿದ್ದರು.

ಹಾಗಾಗಿ ಪ್ರತಿ ಸಂಜೆ ಏಳಕ್ಕೆ ಸೊಸೆ ಟಿವಿಯ ಮುಂದೆ ಕುಳಿತು, ಓಡುವ ಅಕ್ಷರಗಳನ್ನು ಗಟ್ಟಿಯಾಗಿ ಓದತೊಡಗಿದಳು. ಕತ್ತಿ ಹಿರಿದರೆ ‘ಕತ್ತಿ ಹಿರಿದ’ ಎಂದು ಹೇಳಬೇಕು, ಬಾಗಿಲು ತೆರೆದರೆ ಯಾರು ಬಂದರೆಂದೂ ಹೇಳಬೇಕು. ಅಷ್ಟು ಮಾಡಿದರೂ ದಿಂಬಿನೊಳಗಿಂದ, “ಸ್ವಲ್ಪ ಭಾವನೆ ಹಾಕಿ ಓದು, ಔಷಧಿ ಚೀಟಿ ಓದಿದ ಹಾಗೆ ಓದ್ತೀಯಲ್ಲ!”

ಒಂಬತ್ತನೇ ದಿನ ಸೋಮವಾರ. ಸೊಸೆ ಕೆಲಸದಿಂದ ಬಂದು ಮೆಟ್ಟಿಲ ಬಳಿ ಚಪ್ಪಲಿ ಬಿಡುತ್ತಿರುವಾಗ ಒಳಗಿನ ಮಾತು ಕಿವಿಗೆ ಬಿತ್ತು. ಹಗಲು ಹೊತ್ತು ಅತ್ತೆಯನ್ನು ನೋಡಿಕೊಳ್ಳಲು ಬರುತ್ತಿದ್ದ ಮೇಲಿನ ಮನೆಯ ಟೈಲರಮ್ಮನಿಗೆ ಅತ್ತೆ ಹೇಳುತ್ತಿದ್ದರು: “ನನ್ನ ಸೊಸೆ ಅಕ್ಷರಕ್ಕೆ ಒಳ್ಳೆಯವಳು. ಮನುಷ್ಯರಿಗಲ್ಲ.”

ಸೊಸೆ ಒಳಗೆ ಬಂದಳು, ಕೈಕಾಲು ತೊಳೆದಳು, ಅತ್ತೆಯ ಕಣ್ಣಿಗೆ ಹನಿ ಹಾಕಿದಳು, ಏಳಕ್ಕೆ ಟಿವಿ ಹಚ್ಚಿದಳು. ಏಳೂವರೆಯ ಹೊತ್ತಿಗೆ ಪರದೆಯ ಮೇಲೆ ರಾಜಮಾತೆ ಬೆಳ್ಳಿ ಬಟ್ಟಲಲ್ಲಿ ಬಿಸಿ ಸಾರು ಕುಡಿಯುತ್ತಾ, ಕೆನ್ನೆ ಕೆಂಪಗೆ ಮಾಡಿಕೊಂಡು ಸುಖವಾಗಿದ್ದಳು. ಸೊಸೆ ಓದಿದಳು: “ರಾಜಮಾತೆ ಗೋಪುರದ ಮೆಟ್ಟಿಲಿಂದ ಕಾಲು ಜಾರಿ ಬಿದ್ದಳು. ಸತ್ತಳು.”

ದಿಂಬಿನೊಳಗಿಂದ ಪ್ರಶ್ನೆ ಬಂತು.

“ಪೂರ್ತಿ ಸತ್ತಳಾ?”

“ಪೂರ್ತಿ.”

“ಹತ್ತಿರ ಯಾರಿದ್ದರು?”

“ಯಾರೂ ಇಲ್ಲ.”

“ಸೊಸೆ? ಅವಳಾದರೂ ಅತ್ತಳಾ?”

ಪರದೆಯಲ್ಲಿ ಕಿರಿಯ ರಾಣಿ ಅದೇ ಮೇಜಿನಲ್ಲಿ ಕುಳಿತು ರೊಟ್ಟಿ ಮುರಿಯುತ್ತಿದ್ದಳು. ಸೊಸೆ ಅವಳನ್ನೇ ನೋಡುತ್ತಾ, “ಅತ್ತಳು ಅತ್ತೆ,” ಎಂದಳು.

“ತೋರಿಕೆಗೆ ಅತ್ತಿರ್ತಾಳೆ,” ಎಂದರು ಅತ್ತೆ. ಸ್ವಲ್ಪ ಹೊತ್ತಿನಲ್ಲಿ ದಿಂಬಿನ ತೂತಿನ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು.

ಸೊಸೆ ಗಾಬರಿಯಿಂದ ಬಗ್ಗಿ ನೋಡಿದಳು. ಗಂಡ ಸತ್ತಾಗಲೂ ಅತ್ತೆ ಅತ್ತಿರಲಿಲ್ಲ, ಬಂದವರಿಗೆ ಕುರ್ಚಿ ಹಾಕಿಸುತ್ತಿದ್ದರು ಎಂದು ಅವಳು ಕೇಳಿದ್ದಳು. ಆ ರಾತ್ರಿ ಅತ್ತೆ ಊಟ ಬೇಡವೆಂದರು. ಆ ಕಣ್ಣೊಳಗಿನ ಗುಳ್ಳೆಗೆ ಏನಾದರೂ ಆದರೆ? ತಾನು ಕೊಂದದ್ದು ರಾಜಮಾತೆಯನ್ನೋ, ಡಾಕ್ಟರು ಅಷ್ಟು ಜತನದಿಂದ ಕೂಡಿಸಿದ ಆ ಪೊರೆಯನ್ನೋ?

ಮರುದಿನ ಏಳಾಗುವುದನ್ನೇ ಕಾದಿದ್ದು ಓದಿದಳು. “ಅತ್ತೆ, ನೋಡಿ, ರಾಜಮಾತೆ ಸತ್ತಿರಲಿಲ್ಲವಂತೆ! ಬರೀ ಮೂರ್ಛೆಯಂತೆ. ಎದ್ದು ಕೂತಿದ್ದಾಳೆ.”

“ಹುಚ್ಚಿ,” ಎಂದರು ಅತ್ತೆ. “ಮೂವತ್ತೆಂಟು ವರ್ಷ ವಾರ್ಡಲ್ಲಿದ್ದೆ. ಪೂರ್ತಿ ಸತ್ತವರು ಒಬ್ಬರೂ ಎದ್ದು ಬಂದಿಲ್ಲ. ಇದು ಬೇರೆ ಯಾರೋ. ಅವಳ ವೇಷ ಹಾಕಿ ತಂದು ಕೂರಿಸಿದ್ದಾರೆ.”

“ದನಿ ಅದೇ ಅಲ್ವಾ ಅತ್ತೆ?”

“ದನಿ ಅನುಕರಣೆ ಮಾಡೋದೇನು ಕಷ್ಟ. ಕೇಳು, ಈ ದನಿಯಲ್ಲಿ ಗತ್ತೇ ಇಲ್ಲ.”

ಇನ್ನು ಉಳಿದದ್ದು ತಪ್ಪೊಪ್ಪಿಗೆಯೊಂದೇ. ಸೊಸೆ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತಳು. “ಅತ್ತೆ, ನಿನ್ನೆ ನಾನು ತಪ್ಪು ಓದಿದೆ. ಅವಳು ಸಾಯಲೇ ಇಲ್ಲ.”

ದಿಂಬಿನೊಳಗಿಂದ ಎರಡು ದಿನದಲ್ಲಿ ಮೊದಲ ನಗು ಬಂತು. “ನೀನಾ? ತಪ್ಪು ಓದೋದಾ? ಒಂದು ಚುಕ್ಕೆ ಬಿಡದೋಳು ಒಂದು ಹೆಂಗಸನ್ನ ಬಿಡ್ತೀಯಾ? ಮುದುಕಿಗೆ ಬೇಜಾರಾಯ್ತು ಅಂತ ಸಮಾಧಾನ ಮಾಡೋಕೆ ಬರಬೇಡ. ಊಟ ಹಾಕು.”

ಹೀಗೆ ಸೊಸೆಯ ಸುಳ್ಳು ನಿಜವಾಗಿ, ನಿಜ ಸುಳ್ಳಾಗಿ ಉಳಿಯಿತು. ಊಟವಂತೂ ನಡೆಯಿತು.

ಬುಧವಾರ ಟೈಲರಮ್ಮ ಬಾಗಿಲಲ್ಲೇ ಶುರುವಿಟ್ಟಳು. “ಆ ಮುದುಕಿ ನಿನ್ನೆ ಏನು ಹೊಟ್ಟೆ ಉರಿಸಿದಳು ಅಂತೀರಿ!” ಅತ್ತೆ ಅಲ್ಲೇ ತಡೆದರು: “ಸೋಮವಾರ ಸತ್ತವಳನ್ನ ಯಾಕೆ ಬೈತೀಯ? ಈಗಿರೋಳು ನಕಲಿ.” ರಜೆ ಹಾಕಿ ಮನೆಯಲ್ಲೇ ಇದ್ದ ಸೊಸೆ ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟು ಕಿವಿಗೊಟ್ಟು ನಿಂತಳು, ಈಗ ಬಣ್ಣ ಬಯಲಾಯಿತು ಎಂದು. ಟೈಲರಮ್ಮ ಕತ್ತರಿ ಹಿಡಿಯುವ ಬೆರಳನ್ನು ಗಲ್ಲಕ್ಕಿಟ್ಟು ಯೋಚಿಸಿದಳು. ತಾನೊಂದು ಕಂತೂ ಬಿಟ್ಟಿಲ್ಲ, ಆದರೂ ಇಷ್ಟು ದೊಡ್ಡ ವಿಷಯ ತನಗೆ ತಿಳಿಯದೆ ಹೋಯಿತೆಂದು ಒಪ್ಪಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

“ನನಗೂ ಅನುಮಾನ ಇತ್ತು,” ಎಂದಳು. “ಸೋಮವಾರದಿಂದ ಅವಳ ರವಿಕೆ ತೋಳು ಒಂದು ಬೆರಳು ಉದ್ದ ಆಗಿದೆ. ಅಳತೆ ನನ್ನ ಕಣ್ಣಿಗೆ ತಪ್ಪೋದಿಲ್ಲ.”

ಶನಿವಾರದ ಹೊತ್ತಿಗೆ ಈ ಸುದ್ದಿ ಅಚ್ಚಿನ ಮನೆ ತಲುಪಿತ್ತು. ಮಾಲೀಕರೇ ಸೊಸೆಯ ಮೇಜಿನ ಹತ್ತಿರ ಬಂದು, ಗುಟ್ಟು ಹೇಳುವವರಂತೆ ಬಗ್ಗಿದರು. “ನೀವು ಸೀರಿಯಲ್ ನೋಡ್ತೀರಾ? ಸರಿಯಾಗಿ ಗಮನಿಸಿ. ರಾಜಮಾತೆ ಈಗ ಎಡಗೈಲಿ ಲೋಟ ಹಿಡೀತಾಳೆ. ಸೂಕ್ಷ್ಮವಾಗಿ ನೋಡೋರಿಗೆ ಮಾತ್ರ ಕಾಣೋದು.”

“ಹೌದಾ ಸಾರ್? ನನ್ನ ಕಣ್ಣಿಗೆ ಬೀಳಲಿಲ್ಲ,” ಎಂದಳು ಸೊಸೆ.

“ಕರಡು ತಿದ್ದೋರಾಗಿ!” ಎಂದು ಅವರು ಮರುಕದಿಂದ ತಲೆ ಆಡಿಸಿದರು.

ವಿಚಿತ್ರವೆಂದರೆ, ನಕಲಿಯ ಮೇಲಿನ ಸಿಟ್ಟಿನಲ್ಲಿ ಅತ್ತೆ ಮೆಲ್ಲಗೆ ಕಿರಿಯ ರಾಣಿಯ ಪಕ್ಷಕ್ಕೆ ಸರಿದಿದ್ದರು. “ಪಾಪ, ಒಬ್ಬಳೇ ಎಷ್ಟು ಅಂತ ಸಹಿಸ್ತಾಳೆ,” ಎನ್ನುವುದೂ ಕೇಳಿಬರುತ್ತಿತ್ತು. ಎರಡು ವಾರ ತುಂಬಿ, ಡಾಕ್ಟರು ತಲೆ ಎತ್ತಬಹುದೆಂದರು. ಅತ್ತೆ ಗೋಡೆಗೊರಗಿ ಕುಳಿತರು. ಪರದೆ ಮಸುಕಾಗಿ ಕಾಣುತ್ತಿತ್ತು, ಅಕ್ಷರ ಇನ್ನೂ ಕೂಡುತ್ತಿರಲಿಲ್ಲ. ಓದುವ ಕೆಲಸ ಸೊಸೆಯದೇ ಆಗಿ ಮುಂದುವರಿಯಿತು.

ಆ ವಾರವೇ ಕಿರಿಯ ರಾಣಿ ಸತ್ತದ್ದು. ನದಿ ಉಕ್ಕಿ ಬರುತ್ತಿತ್ತು. ಅವಳು ಕೋಟೆಯ ಹೊರಗೆ ನಿಂತು ಜನರನ್ನೆಲ್ಲ ಒಳಗೆ ಕಳಿಸುತ್ತಿದ್ದಳು. ಕೊನೆಯವರು ಒಳಬಂದ ಕೂಡಲೇ ರಾಜಮಾತೆ ಒಳಗಿನಿಂದ ಅಗಳಿ ಹಾಕಿದಳು. ಮೇಲಿನ ಮನೆಯ ಹೊಲಿಗೆ ಯಂತ್ರ ತಟ್ಟನೆ ನಿಂತಿತು. ಎದುರು ಮನೆಯಲ್ಲಿ ಹಾಲು ಉಕ್ಕಿ ಸೀದ ವಾಸನೆ ಬಂದರೂ ಯಾರೂ ಏಳಲಿಲ್ಲ. ಸೊಸೆಯ ನಾಲಿಗೆಯ ತುದಿಯಲ್ಲಿ ‘ಅಷ್ಟರಲ್ಲಿ ಕುದುರೆ ಹಾರಿ ಬಂತು’ ಎಂಬ ಮಾತು ಸಿದ್ಧವಾಗಿಯೇ ಇತ್ತು. ಆದರೆ ಒಬ್ಬರನ್ನು ಕೊಂದು ಬದುಕಿಸಿದ್ದೇ ಸಾಕಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಓದಿದಳು: “ಬಾಗಿಲು ತೆಗೆಯಿರಿ. ನೀರು ತಣ್ಣಗಿದೆ. ಬಾಗಿಲು ತೆಗೆಯಿರಿ, ಅತ್ತೆ.”

ಅತ್ತೆ ಮಸುಕು ಪರದೆಯನ್ನೇ ದಿಟ್ಟಿಸುತ್ತಿದ್ದರು.

“ನಿಜವಾದವಳು ಇದ್ದಿದ್ದರೆ ಬಾಗಿಲು ತೆಗೀತಿದ್ದಳು,” ಎಂದರು. “ಬಾಯಿಗೆ ಬಂದಿದ್ದೆಲ್ಲ ಬೈಕೊಂಡು ತೆಗೀತಿದ್ದಳು. ಸೊಸೇನ ಹೊರಗೆ ಬಿಡೋಳಲ್ಲ ಅವಳು.”

ಸೊಸೆಗೆ ಮುಂದಿನ ಸಾಲು ಕಾಣಲಿಲ್ಲ. ಅಕ್ಷರಗಳೆಲ್ಲ ಕಲೆಸಿ ನೀರಾಗಿ ಹರಿದವು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳು ನಿಲ್ಲುವಂತೆಯೇ ಇರಲಿಲ್ಲ.

“ಥೂ, ಕಥೆಗೆ ಯಾರಾದರೂ ಹೀಗೆ ಅಳ್ತಾರೇನೇ?” ಎಂದು ಅತ್ತೆ ಗದರಿದರು. “ಎದ್ದು ಮುಖ ತೊಳ್ಕೊಂಡು ಬಾ. ನೀನು ಅಳೋ ಹೊತ್ತಿಗೆ ಕೆಳಗೆ ಅಕ್ಷರ ಏನೋ ಬಂದು ಹೋಯ್ತು ನೋಡು, ಏನಂತ ಬರೆದಿತ್ತು?”