ಚಾಳೀಸು

ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಹಲಗೆಯ ಮೇಲಿನ ಅಕ್ಷರ ನನಗೆ ಬರೀ ಬಿಳಿ ಮಬ್ಬು. ಎಲ್ಲರೂ ದಡ್ಡಿ ಅಂದರು, ನಾನೂ ನಂಬಿದೆ. ಕನ್ನಡಕ ಬಂದದ್ದು ಆಮೇಲೆ. ನಮ್ಮ ಕಡೆ ಅದಕ್ಕೆ ಚಾಳೀಸು ಅನ್ನುತ್ತಾರೆ. ನಮ್ಮೂರು ಕುಬಿಹಾಳದ ಎರೆಹೊಲದಲ್ಲಿ ಹತ್ತಿಕಾಯಿ ಒಂದೊಂದೇ ಬಿಡಿಯಾಗಿ ಕಂಡ ದಿನ ಬದುವಿನ ಮೇಲೆ ಕೂತು ಅತ್ತಿದ್ದೆ.

ಈಗ ನನ್ನ ನಿಕಾಹ್ ಮಾತು ನಡೆದಿತ್ತು. ಹುಡುಗನ ಖಾಲಾ, ಅಂದರೆ ಅವನ ತಾಯಿಯ ಅಕ್ಕ, ಜುಲೇಖಾಬಿಯದು ಒಂದೇ ಷರತ್ತು: ಲೇಸರ್ ಮಾಡಿಸಿ ಚಾಳೀಸು ತೆಗೆಸಬೇಕು. "ಚಾಲೀಸ್ ಅಂದ್ರ ನಲವತ್ತು. ಮಂದಿ ಹುಡುಗಿ ವಯಸ್ಸೂ ನಲವತ್ತ ಅಂತಾರ," ಎಂದು ನಕ್ಕರು. ಅಮ್ಮಿ ನಗಲಿಲ್ಲ, ಒಪ್ಪಿಕೊಂಡಳು.

ಕುಂದಗೋಳದ ಕಣ್ಣಿನ ಶಿಬಿರಕ್ಕೆ ಮೂವರೂ ಹೋದೆವು. ಪರೀಕ್ಷೆ ಮಾಡಿದ ಡಾಕ್ಟರ್ ಜ್ಯೋತ್ಸ್ನಾ, "ಹುಬ್ಬಳ್ಳಿಗೆ ಬಂದ್ರ ಮಾಡಬಹುದು" ಎಂದರು.

"ಕಣ್ಣು ಸುಡೂದಿಲ್ಲೇನ್ರಿ?" ಅಮ್ಮಿ ಕೇಳಿದಳು.

"ಇಲ್ರಿ. ಕಣ್ಣಿನ ಮುಂದಿನ ಪದರ ಗಾಜಿನಂಗ ತಿಳಿ ಇರ್ತೈತಿ. ಬೆಳಕು ಮ್ಯಾಲಿನ ಭಾಗ ಕೆಡಸದ ಒಳಗ ಹೋಗಿ, ನಾವು ಹೇಳಿದ ಆಳದಾಗಷ್ಟ ಕೆಲಸ ಮಾಡ್ತೈತಿ. ಅಗದಿ ಸಣ್ಣ ಹೊಡೆತ. ಬಾಜುಕ್ಕ ಬಿಸಿ ಹರಡೂದರೊಳಗ ಮುಗದಿರ್ತೈತಿ."

"ಎಲ್ಲಿ ನಿಂದ್ರಬೇಕಂತ ಬೆಳಕಿಗೆ ಗೊತ್ತಿರ್ತೈತೇನ್ರಿ?" ನಾನು ಮೆಲ್ಲಗೆ ಕೇಳಿದೆ.

"ನಾವು ಹೇಳ್ತೀವಿ, ಅದು ಕೇಳ್ತೈತಿ."

ಅಷ್ಟು ಜೋರಿನ ಬೆಳಕೇ ಹೇಳಿದಲ್ಲಿ ನಿಲ್ಲುತ್ತದೆ. ಇವರಿಗೆ ಯಾರು ಹೇಳಬೇಕು ಎಂದುಕೊಂಡು ನಾನು ಜುಲೇಖಾಬಿಯವರತ್ತ ನೋಡಿದೆ.

"ಆಮ್ಯಾಲ ಚಾಳೀಸ ಬ್ಯಾಡಲ್ರಿ?" ಎಂದರು ಅವರು.

"ದೂರದ್ದಕ್ಕ ಬೇಕಾಗಲಿಕ್ಕಿಲ್ಲ. ನಲವತ್ತು ದಾಟಿದ ಮ್ಯಾಲ ಓದಾಕ ಬೇಕಾಗ್ತೈತಿ. ಎಲ್ಲಾರಿಗೂ ಅಷ್ಟ."

ಡಾಕ್ಟರ್ ಒಂದು ಮಾಹಿತಿ ಹಾಳೆ ಕೊಟ್ಟರು. ಅದನ್ನು ಓದಲು ಜುಲೇಖಾಬಿ ಚೀಲದಿಂದ ತಮ್ಮ ಚಾಳೀಸು ತೆಗೆದು ಮೂಗಿಗೇರಿಸಿದರು.

ನನಗೆ ತಡೆಯಲಾಗಲಿಲ್ಲ. "ಖಾಲಾ, ಚಾಲೀಸಕ್ಕ ಚಾಳೀಸ ಬಂದಾಗ ನನ್ನ ಹೊಳ್ಳಿ ತವರಿಗೆ ಕಳಸ್ತೀರೇನ್ರಿ?"

"ಏನಂದಿ ಬೇ?"

"ಲೇಸರ್ ಛಲೋನ ಐತ್ರಿ. ನನಗ ಬೇಕನಿಸಿದಾಗ ನಾನ ಬರ್ತೀನಿ. ನಿಮ್ಮ ಸಲುವಾಗಿ ಒಲ್ಲೆ."

"ಹಂಗಾದ್ರ ಮಾತು ಮುರೀತು, ತಿಳಕೋ."

"ತಿಳೀತ್ರಿ."

ಅವರು ಅಮ್ಮಿಯತ್ತ ತಿರುಗಿದರು. "ಖಾಸಿಂಬಿ, ಬಾಯಿಲ್ಲದ ಹುಡುಗಿ ಅಂದಿದ್ರಿ. ಈಕಿಗೆ ಬಾಯಿ ಐತಲ್ಲ!"

"ಐತ್ರಿ. ನನಗೂ ಇವತ್ತ ಗೊತ್ತಾತು." ಅಮ್ಮಿ ಎದ್ದು ಚೀಲ ಹೆಗಲಿಗೇರಿಸಿದಳು. "ನಡಿ ಬೇ, ಹೋಗೂಣು."

ನಾವು ನಿಲ್ದಾಣ ಮುಟ್ಟಿದಾಗ ದೂರದ ತಿರುವಿನಲ್ಲಿ ಬಸ್ಸೊಂದು ಕಂಡಿತು. "ನಮ್ಮದೇನ?" ಎಂದು ಅಮ್ಮಿ ಕಣ್ಣು ಕಿರಿದು ಮಾಡಿದಳು. ಅದರ ಫಲಕವನ್ನು ನಾನು ಎಲ್ಲರಿಗೂ ಕೇಳುವಂತೆ ಓದಿದೆ: "ಕುಬಿಹಾಳ."