ಬಲಗೈಯ ಗಾಯ

ಹರಿಮಾ ಸೀಮೆಯ ಆ ಕಮ್ಮಾರರ ಊರಿನಲ್ಲಿ ಮಗು ಅಕ್ಷರ ತಿದ್ದಲಾರಂಭಿಸಿದ ವರ್ಷವೇ ಅದರ ಕೈಗೆ ಚಾಕುವೂ ಬರುತ್ತಿತ್ತು. ಕಬ್ಬಿಣದ ತಗಡನ್ನು ಮಡಚಿ ಮಾಡಿದ ಹಿಡಿ, ಅದರೊಳಗೆ ಮಲಗುವ ಅಲಗು, ಅಲಗಿನ ಬುಡದಲ್ಲಿ ಹೊರಚಾಚಿದ ಒಂದು ಪುಟ್ಟ ಬಾಲ. ಚಾಕು ತೆರೆದಿರುವಷ್ಟು ಹೊತ್ತೂ ಆ ಬಾಲವನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದಿರಬೇಕು. ಬೇರೆ ಬೀಗವೆಂಬುದು ಅದಕ್ಕಿಲ್ಲ. ಹೆಬ್ಬೆರಳು ಮೈಮರೆತರೆ ಅಲಗು ತನ್ನ ಮನೆಗೆ ಮರಳುತ್ತದೆ. ದಾರಿಯಲ್ಲಿ ಯಾರ ಬೆರಳಿದೆಯೆಂದು ವಿಚಾರಿಸುವುದಿಲ್ಲ. ಪೆನ್ಸಿಲ್ ಹೆರೆಯುವುದಕ್ಕೂ, ಬಿದಿರನ್ನು ಸೀಳಿ ಅಂಗೈಯಲ್ಲಿ ತಿರುಗಿಸಿ ಹಾರಿಸುವ ಆಟದ ಚಿಟ್ಟೆ ಮಾಡುವುದಕ್ಕೂ, ಒಗರು ಕಾಕಿ ಹಣ್ಣಿನ ಸಿಪ್ಪೆ ತೆಗೆದು ಸೂರಿನಡಿ ಒಣಗಲು ನೇತುಹಾಕುವುದಕ್ಕೂ ಅದೊಂದೇ ಚಾಕು. ಶಾಲೆಯ ಐದನೆಯ ತರಗತಿಯಲ್ಲಿ, ಒಬ್ಬನನ್ನು ಬಿಟ್ಟರೆ, ಎಡಗೈಯ ತೋರುಬೆರಳಿನ ಮೇಲೆ ಒಂದಾದರೂ ಬಿಳಿಯ ಗೆರೆಯಿಲ್ಲದ ಮಗುವಿರಲಿಲ್ಲ.

ಆ ಶರತ್ಕಾಲದಲ್ಲಿ ಪಕ್ಕದ ಊರಿನ ಹುಡುಗನೊಬ್ಬ ಚಾಕು ಎಸೆಯುವ ಆಟದಲ್ಲಿ ಕಣ್ಣಿಗೆ ಪೆಟ್ಟು ಮಾಡಿಕೊಂಡನೆಂಬ ಸುದ್ದಿ ಹಬ್ಬಿತು. ತಾಯಂದಿರ ಸಭೆ ಸೇರಿ ಮಕ್ಕಳ ಕೈಗೆ ಚಾಕು ಬೇಡವೆಂದಿತು. ನಾಲ್ಕನೆಯ ತರಗತಿಯ ಕಿಟಕಿಗೆ, ಕೈಯಿಂದ ತಿರುಗಿಸಿ ಪೆನ್ಸಿಲ್ ಹೆರೆಯುವ ಯಂತ್ರವೊಂದು ತಿರುಪು ಬಿಗಿಸಿಕೊಂಡು ಕುಳಿತಿತು. ಐದನೆಯ ತರಗತಿಯ ಕುರಾತ ಮೇಷ್ಟ್ರು ಮಾತ್ರ ಒಪ್ಪಲಿಲ್ಲ. ಅವರ ತಂದೆ ಗರಗಸದ ಹಲ್ಲು ಹರಿತ ಮಾಡುತ್ತಿದ್ದವರು.

ಸೋಮವಾರ ಬೆಳಿಗ್ಗೆ ಅವರು ಮಕ್ಕಳ ಮುಂದೆ ನಿಂತು ಹೇಳಿದರು: "ಶನಿವಾರ ನಿಮ್ಮ ತಾಯಂದಿರು ತರಗತಿ ನೋಡೋಕೆ ಬರ್ತಾರೆ. ಅಲ್ಲೀವರೆಗೆ ಈ ತರಗತೀಲಿ ಚಾಕುವಿಂದ ಒಂದು ಬೆರಳೂ ಕೊಯ್ಯದೆ ಇದ್ರೆ, ಈ ಮಕ್ಕಳ ಕೈಗೆ ಬುದ್ಧಿ ಇದೆ ಅಂತ ನಾನೇ ಅವರ ಮುಂದೆ ನಿಂತು ಹೇಳ್ತೀನಿ. ಒಬ್ಬರು ಕೊಯ್ಕೊಂಡ್ರೂ ಎಲ್ಲರ ಚಾಕೂ ನನ್ನ ಡ್ರಾಯರಿಗೆ. ಮತ್ತೆ ವಾಪಸ್ ಕೇಳೋ ಹಾಗಿಲ್ಲ."

"ದಿನಾ ಕೈ ನೋಡ್ತೀರಾ ಮೇಷ್ಟ್ರೇ?" ಎಂದು ಹಿಂದಿನ ಸಾಲಿನಿಂದ ಇಸಾಮು ಕೇಳಿದ. ಬಾತುಕೋಳಿಯಂತೆ ಕತ್ತು ಉದ್ದ ಮಾಡಿ ಮಾತಾಡುವುದು ಅವನ ಅಭ್ಯಾಸ.

"ನೋಡಲ್ಲ. ಕೊಯ್ಕೊಂಡೋರು ತಾವೇ ಬಂದು ಹೇಳ್ಬೇಕು."

ಕೈ ನೋಡುವೆನೆಂದಿದ್ದರೆ ಮಕ್ಕಳಿಗೆ ಸಲೀಸಾಗುತ್ತಿತ್ತು. ತಪ್ಪಿಸಿಕೊಳ್ಳುವ ದಾರಿಯನ್ನು ಹುಡುಕುತ್ತಲೇ ವಾರ ಕಳೆದುಬಿಡುತ್ತಿತ್ತು. ನಂಬಿಕೆಯೆಂಬುದು ಹೆಗಲ ಮೇಲೆ ಬಂದು ಕುಳಿತದ್ದರಿಂದ ತರಗತಿಗೆ ತರಗತಿಯೇ ಚಡಪಡಿಸತೊಡಗಿತು. ಪಾಠದ ನಡುವೆ ಡೆಸ್ಕುಗಳ ಕೆಳಗಿನಿಂದ ಅಲಗುಗಳು ತೆರೆದು ಮುಚ್ಚುವ ಟಿಕ್ ಟಿಕ್ ಸದ್ದು ಹೊರಡುತ್ತಿತ್ತು. ಹೆರೆಯಬೇಕಾದ್ದಕ್ಕಿಂತ ಹೆಚ್ಚು ಹೆರೆದು ಪೆನ್ಸಿಲ್‌ಗಳು ಸೂಜಿಗಳಾದವು, ಬರೆಯಹೋದರೆ ಮುರಿದವು, ಮತ್ತೆ ಹೆರೆಯಲ್ಪಟ್ಟವು.

ಎಲ್ಲರಿಗಿಂತ ಹೆಚ್ಚು ಚಡಪಡಿಸಿದವನು ಸೆಯಿಗೊ. ಅವನದು ಹುಟ್ಟು ಎಡಗೈ. ತಾಯಿ ಅರ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದುದರಿಂದ ಅವನನ್ನು ಬೆಳೆಸಿದವಳು ಅಜ್ಜಿ. ಊಟದ ಕಡ್ಡಿಯನ್ನು ಎಡಗೈಯಲ್ಲಿ ಹಿಡಿದ ದಿನದಿಂದ ಅವಳು ಆ ಕೈಯನ್ನು ಮೆತ್ತಗಿನ ಬಟ್ಟೆಯಿಂದ ಸೊಂಟಕ್ಕೆ ಕಟ್ಟಿ ಕೂರಿಸಿದ್ದಳು. ಗದರದೆ, ಹೊಡೆಯದೆ, ಬುದ್ಧನ ನಾಮವನ್ನು ಗುನುಗುತ್ತ, ವರ್ಷಗಟ್ಟಲೆ. ಕಡ್ಡಿ ಬಲಗೈಗೆ ಬಂತು. ಅಕ್ಷರ ಬರೆಯುವ ಕುಂಚವೂ ಬಂತು. ಆದರೆ ಚಾಕು ಅಜ್ಜಿಯ ಕಣ್ಣಿನಾಚೆ, ಗದ್ದೆಯಂಚುಗಳಲ್ಲಿ, ಬಿದಿರುಮೆಳೆಗಳಲ್ಲಿ ಕಲಿತ ವಿದ್ಯೆ. ಅದನ್ನು ತಿದ್ದುವವರಾರೂ ಇರಲಿಲ್ಲವಾಗಿ ಚಾಕು ಎಡಗೈಯಲ್ಲಿಯೇ ಉಳಿಯಿತು. ಅವನ ಮೈಯಲ್ಲಿ ಆ ಕೈಗೆ ಉಳಿದಿದ್ದ ಸ್ವತಂತ್ರವಾದ ಕೆಲಸ ಅದೊಂದೇ. ಅದನ್ನೂ ಡ್ರಾಯರಿನೊಳಗೆ ಹಾಕಿ ಬೀಗ ಹಾಕುವರೇನೋ ಎಂದು ಅವನು ಗಳಿಗೆಗೊಮ್ಮೆ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಗುರುವಾರ ಮಳೆ ಹೊಯ್ದು ಶುಕ್ರವಾರ ನಿಂತಿತು. ದೇವಾಲಯದ ಹಿಂದಿನ ಮಣ್ಣು ಅಕ್ಕಿಹಿಟ್ಟಿನ ಕಡುಬಿನಂತೆ ಮೆತ್ತಗಾಗಿತ್ತು.

"ಇವತ್ತು ನೆಲ ನೋಡಿದ್ರೆ ಬಾಯಲ್ಲಿ ನೀರು ಬರುತ್ತೆ" ಎಂದ ಇಸಾಮು, ಸೆಯಿಗೊವಿನತ್ತ ತಿರುಗಿ. "ನೆಲ ಗೆಲ್ಲೋ ಆಟ, ಒಂದೇ ಒಂದು ಸಲ."

ಜೊತೆಗಿದ್ದವಳು ತರಗತಿಯ ನಾಯಕಿ ನೋಬುಯೆ. ಇವರಿಬ್ಬರ ಮೇಲೆ ಕಣ್ಣಿಡಲೆಂದೇ ಬಂದಿದ್ದಳು. "ನಾಳೆ ಶನಿವಾರ. ಒಂದು ದಿನ ಕೈ ಕಟ್ಕೊಂಡು ಕೂರೋಕಾಗಲ್ವಾ ನಿಮಗೆ?"

"ಮೇಷ್ಟ್ರು ಆಡಬೇಡಿ ಅಂದ್ರಾ? ಕೊಯ್ಕೋಬೇಡಿ ಅಂದ್ರು. ನೀನು ಸರಿಯಾಗಿ ಕೇಳಿಸ್ಕೊಂಡಿಲ್ಲ ಕಣೇ, ನಾಯಕಿ."

ಚಾಕುವನ್ನು ಎಸೆದು ನೆಲಕ್ಕೆ ನಾಟಿಸಬೇಕು, ನಾಟಿದಲ್ಲಿಂದ ಗೆರೆಯೆಳೆಯಬೇಕು, ಎದುರಾಳಿಯ ನೆಲವನ್ನು ಸುತ್ತುವರಿದವನು ಗೆದ್ದ. ಸೆಯಿಗೊ ಎಸೆದದ್ದೆಲ್ಲ ನಾಟಿತು. ಎಡದಿಂದ ಬರುವ ಚಾಕು ಯಾವ ಕೋನದಲ್ಲಿ ಬೀಳುವುದೆಂದು ಇಸಾಮು ಊಹಿಸಲಾರದೆ ಹೋದ. ಅವನ ನೆಲ ಕುಗ್ಗಿ ಕುಗ್ಗಿ, ಒಂದು ಕಾಲೂರುವಷ್ಟಾಗಿ, ಅವನು ಕೊಕ್ಕರೆಯಂತೆ ನಿಂತು ಬಯ್ಯತೊಡಗಿದ.

"ಎಡಚ, ಮೋಸಗಾರ. ನಿಮ್ಮಜ್ಜಿಗೆ ಹೇಳ್ತೀನಿ ತಾಳು. ಕಟ್ಟಿದ ಕೈ ಬಿಚ್ಕೊಂಡು ಊರೆಲ್ಲಾ ಗೆಲ್ತಿದೆ ಅಂತ."

ಸೆಯಿಗೊ ಆಗ ಅಲಗಿಗೆ ಮೆತ್ತಿದ್ದ ಮಣ್ಣನ್ನು ಒರೆಸುತ್ತಿದ್ದ. ಹಿಡಿ ಎಡಗೈಯಲ್ಲಿ, ಒರೆಸುವುದು ಬಲಗೈಯ ಬೆರಳುಗಳಿಂದ. ಅಜ್ಜಿಯ ಮಾತು ಕಿವಿಗೆ ಬಿದ್ದೊಡನೆ ನಕ್ಕು ತಿರುಗಿದ. ಹೆಬ್ಬೆರಳು ಬಾಲದಿಂದ ಜಾರಿತು. ಅಲಗು ಮೆಲ್ಲಗೆ, ಯಾವ ಕೋಪವೂ ಇಲ್ಲದೆ, ತನ್ನ ಮನೆಗೆ ಹೋಯಿತು.

ಮೊದಲು ನೋವಾಗಲಿಲ್ಲ. ಬಲಗೈಯ ತೋರುಬೆರಳಿನ ನಡುಗಂಟಿನ ಕೆಳಗೆ ಒಂದು ತೆಳು ಬಾಯಿ ತೆರೆದುಕೊಂಡಿತು. ಆಮೇಲೆ ರಕ್ತ ತುಂಬಿತು.

ನೋಬುಯೆ ಗೋಡೆಯ ಬುಡದಿಂದ ಮಾಚಿಪತ್ರೆ ಕಿತ್ತು, ಬಾಯಲ್ಲಿ ಜಗಿದು, ಗಾಯಕ್ಕೆ ಒತ್ತಿ, ತನ್ನ ಕರವಸ್ತ್ರದ ಅಂಚು ಹರಿದು ಕಟ್ಟಿದಳು. ಇಸಾಮು ಒಂಟಿಕಾಲಲ್ಲೇ ನಿಂತಿದ್ದ.

"ನೆಲಕ್ಕೆ ಬಿದ್ದಿಲ್ಲ" ಎಂದ ಕೊನೆಗೆ. "ರಕ್ತ ಎಲೆ ಮೇಲೆ ಬಿತ್ತು. ನೆಲಕ್ಕೆ ಬೀಳದ ರಕ್ತ ಲೆಕ್ಕಕ್ಕಿಲ್ಲ."

"ಮುಚ್ಚೋ ಬಾಯಿ" ಎಂದಳು ನೋಬುಯೆ.

"ನಾನೇನು ತಪ್ಪು ಹೇಳ್ದೆ? ಒಂದು ದಿನ ಮುಚ್ಚಿಟ್ರೆ ಸಾಕು. ಎಡಗೈಯಾಗಿದ್ರೆ ಜೇಬಲ್ಲಿ ತೂರಿಸ್ಕೊಂಡು ಓಡಾಡಬಹುದಿತ್ತು. ಬಲಗೈ ಕೊಯ್ಕೊಂಡೋನು ಇಡೀ ಶಾಲೇಲಿ ನೀನೊಬ್ನೇ ಕಣೋ."

ಆಗ ಮೂವರಿಗೂ ಒಟ್ಟಿಗೇ ನೆನಪಾಯಿತು. ನಾಳೆ ತಾಯಂದಿರ ಮುಂದೆ ನಡೆಯುವುದು ಕುಂಚದ ಪಾಠ.

"ಹೇಳಿಬಿಡ್ತೀನಿ" ಎಂದ ಸೆಯಿಗೊ.

"ಹೇಳು. ನಲವತ್ತು ಜನದ ಚಾಕು ಹೋಗುತ್ತೆ. ಆಮೇಲೆ ನಿನ್ನ ಹತ್ರ ಯಾರು ಮಾತಾಡ್ತಾರೆ ನೋಡ್ಕೋ" ಎಂದ ಇಸಾಮು. ಆಮೇಲೆ ದನಿ ತಗ್ಗಿಸಿ, "ನಾನು ಮಾತಾಡ್ತೀನಿ. ಆದ್ರೂ ಹೇಳ್ಬೇಡ" ಎಂದ.

ಆ ಸಂಜೆ ಸೆಯಿಗೊ ಹಸಿವಿಲ್ಲವೆಂದು ಊಟಕ್ಕೆ ಕೂರದೆ, ಬೇಯಿಸಿದ ಗೆಣಸನ್ನು ಎಡಗೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತೇ ತಿಂದ. ಅಜ್ಜಿ ಗಮನಿಸಲಿಲ್ಲ. ಅವಳು ಕರ್ಪೂರದ ವಾಸನೆಯ ಪೆಟ್ಟಿಗೆಯಿಂದ ತನ್ನ ಬೂದುಬಣ್ಣದ ರೇಷ್ಮೆಯುಡುಗೆಯನ್ನು ತೆಗೆದು ಗಾಳಿಗೆ ಹರಡುತ್ತಿದ್ದಳು.

"ಕಾಗದದಂಗಡಿಯಾಕೆ ನಾಳೆ ನನ್ನ ಪಕ್ಕದಲ್ಲೇ ನಿಂತ್ಕೋತಾಳೆ" ಎಂದಳು. "ನಿನ್ನ ಮೊಮ್ಮಗನ ಕೈ ಎಂದಿಗೂ ನೆಟ್ಟಗಾಗಲ್ಲ ಅಂದಿದ್ಲು. ನೋಡಲಿ ಅಂತ ಈ ಉಡುಗೆ. ಮಸಿ ಚೆನ್ನಾಗಿ ತೇಯಿ ಮಗಾ, ನೀರು ಜಾಸ್ತಿ ಹಾಕ್ಬೇಡ."

ಶನಿವಾರ ತರಗತಿಯ ಹಿಂಗೋಡೆಯುದ್ದಕ್ಕೂ ತಾಯಂದಿರು ಸಾಲುಗಟ್ಟಿ ನಿಂತರು. ಬರೆಯಬೇಕಾದದ್ದು "ಶರತ್ಕಾಲದ ಬೆಟ್ಟ", ಆ ನಾಡಿನ ಲಿಪಿಯಲ್ಲಿ ಎರಡೇ ಅಕ್ಷರ. ಇಸಾಮು ತನ್ನ ಮಸಿ ತೇಯುವುದನ್ನು ಬಿಟ್ಟು ಸೆಯಿಗೊವಿನ ಮಸಿಕಲ್ಲನ್ನು ಎಳೆದುಕೊಂಡು ತೇಯತೊಡಗಿದ. ಮೇಷ್ಟ್ರು ಅದನ್ನು ನೋಡಿ ಹುಬ್ಬೇರಿಸಿದರು, ಕೇಳಲಿಲ್ಲ.

ಸೆಯಿಗೊ ಬಲಗೈಯಲ್ಲಿ ಕುಂಚವನ್ನೆತ್ತಿದ. ಬೆರಳು ಬಾಗಲಿಲ್ಲ. ಬಲವಂತದಿಂದ ಬಾಗಿಸಿದ. ಮೊದಲ ಗೆರೆ ಕಾಗದದ ಮೇಲೆ ಇಳಿಯುತ್ತಿದ್ದಂತೆಯೇ ಕಟ್ಟಿನೊಳಗೆ ಏನೋ ಬಿಸಿಯಾಗಿ ಹರಿದ ಅನುಭವವಾಯಿತು. ಬಿಳಿಯ ಬಟ್ಟೆಯಲ್ಲಿ ಕೆಂಪು ಚುಕ್ಕೆಯೊಂದು ಕಾಣಿಸಿಕೊಂಡು ಅಗಲವಾಗತೊಡಗಿತು. ಇನ್ನೆರಡು ಗೆರೆಗಳಲ್ಲಿ ಅದು ಕಾಗದಕ್ಕೆ ಇಳಿಯುವುದು ಖಂಡಿತವಾಗಿತ್ತು. ಅವನು ಬಲಗೈಯನ್ನು ಡೆಸ್ಕಿನ ಕೆಳಗೆ ಮರೆಸಿ ಕುಂಚವನ್ನು ಎಡಗೈಗೆ ತೆಗೆದುಕೊಂಡ.

ಹಿಂಗೋಡೆಯ ತಾಯಂದಿರಲ್ಲಿ ಗುಸುಗುಸು ಎದ್ದಿತು. ಅದರ ನಡುವೆ ಅಜ್ಜಿಯ ತಗ್ಗಿದ ದನಿ ಕೇಳಿಸಿತು: "ಸೆಯಿಗೊ. ಕೈ."

ಅವನು ತಿರುಗಲಿಲ್ಲ. ಕುರಾತ ಮೇಷ್ಟ್ರು ಸಾಲುಗಳ ನಡುವೆ ನಡೆದು ಬಂದು ಅವನ ಪಕ್ಕದಲ್ಲಿ ನಿಂತರು.

"ಇವತ್ತು ಎಡಗೈಯಾ?"

"ನಂದು ಎಡಗೈಯೇ ಮೇಷ್ಟ್ರೇ. ಮುಂಚಿಂದ."

ಅದು ಸುಳ್ಳಲ್ಲ. ಇಸಾಮು ಮುಖವನ್ನು ಮಸಿಕಲ್ಲಿನ ಮೇಲೆ ಬಗ್ಗಿಸಿ ನಗೆಯನ್ನು ನುಂಗಿದ. ಮೇಷ್ಟ್ರು ಒಂದು ಕ್ಷಣ ಅವನನ್ನು ನೋಡಿ, ತಲೆಯಾಡಿಸಿ, ಮುಂದಿನ ಡೆಸ್ಕಿಗೆ ಹೊರಟರು. ಅಷ್ಟಕ್ಕೆ ಎಲ್ಲವೂ ಮುಗಿದುಹೋಗುವುದರಲ್ಲಿತ್ತು.

ಆದರೆ ಹಿಂದಿನಿಂದ ರೇಷ್ಮೆ ಸರಿದಾಡಿದ ಸದ್ದು ಬಂತು. ಸೆಯಿಗೊ ಈಗ ತಿರುಗಿ ನೋಡಿದ. ಅಜ್ಜಿ ಕಾಗದದಂಗಡಿಯಾಕೆಗೆ ತಲೆ ಬಾಗಿಸುತ್ತಿದ್ದಳು, ಆಮೇಲೆ ಅವಳ ಆಚೆಯವಳಿಗೆ, ಆಮೇಲೆ ಅದರಾಚೆಯವಳಿಗೆ. ಪ್ರತಿಯೊಬ್ಬರ ಮುಂದೆಯೂ ಸೊಂಟದಿಂದ ಬಾಗಿ ಹೇಳುತ್ತಿದ್ದಳು: "ನಾನು ಸರಿಯಾಗಿ ತಿದ್ದಲಿಲ್ಲ. ಹುಡುಗನದೇನೂ ತಪ್ಪಿಲ್ಲ, ನಂದೇ ತಪ್ಪು. ಅವನ ತಾಯಿ ಕೆಲಸಕ್ಕೆ ಹೋಗ್ತಾಳೆ, ನೋಡ್ಕೋಬೇಕಾದೋಳು ನಾನು."

ಕಾಗದದಂಗಡಿಯಾಕೆ ಮೃದುವಾಗಿ, "ಪರವಾಗಿಲ್ಲ ಬಿಡಿ. ಕೆಲವರ ಕೈ ಹಾಗೇನೇ" ಎಂದಳು. ಆ ಮೃದುತ್ವ ಕೇಳಲಾರದಂತಿತ್ತು. ಅಜ್ಜಿ ಇನ್ನೂ ಕೆಳಕ್ಕೆ ಬಾಗಿದಳು.

ಸೆಯಿಗೊ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಕಿರುಗುಟ್ಟಿತು. ಇಸಾಮು ಅವನ ಅಂಗಿಯ ಚುಂಗನ್ನು ಹಿಡಿದೆಳೆದ. ಅಂಗಿ ಹಿಗ್ಗಿತು, ಅವನು ಕೂರಲಿಲ್ಲ.

"ಅಜ್ಜಿ ತಿದ್ದಿದ್ದಾರೆ" ಎಂದ, ಮೇಷ್ಟ್ರಿಗಲ್ಲ, ಹಿಂಗೋಡೆಗೆ. "ನಾನು ಬಲಗೈಲೇ ಬರೀತೀನಿ. ಇವತ್ತು ಆಗಲ್ಲ, ಅಷ್ಟೆ. ನಿನ್ನೆ ಚಾಕು ಕೊಯ್ತು." ಮರೆಸಿದ್ದ ಕೈಯನ್ನು ಮೇಲೆತ್ತಿ ಹಿಡಿದ. ಕಟ್ಟು ಪೂರ್ತಿ ಕೆಂಪಾಗಿತ್ತು.

ತಾಯಂದಿರಲ್ಲೊಬ್ಬಳು "ಅಯ್ಯೋ ಪಾಪ" ಎಂದಳು. ಇನ್ನೊಬ್ಬಳು "ನೋಡಿದ್ರಾ, ನಾನು ಹೇಳಲಿಲ್ವಾ" ಎಂದಳು. ಕುರಾತ ಮೇಷ್ಟ್ರ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನ ಕಾದಿಟ್ಟುಕೊಂಡಿದ್ದ ಮಾತೊಂದನ್ನು ಒಳಗೇ ಮಡಚಿಟ್ಟವರಂತೆ ಅವರು ತಮ್ಮ ಮೇಜಿಗೆ ಹೋದರು, ಡ್ರಾಯರನ್ನು ಎಳೆದರು.

"ಮುಂದಿನ ಸಾಲಿಂದ ಒಬ್ಬೊಬ್ಬರೇ ಬನ್ನಿ."

ಮಕ್ಕಳು ಎದ್ದರು. ಮೊದಲ ಚಾಕು ಮರದ ಡ್ರಾಯರಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ನೋಬುಯೆ ತನ್ನದನ್ನು ಕೊಟ್ಟು, ಸೆಯಿಗೊವಿನ ಡೆಸ್ಕಿನ ಬಳಿ ನಿಂತು, ಅವನದನ್ನೂ ಎತ್ತಿಕೊಂಡು ಹೋಗಿ ಹಾಕಿ ಬಂದಳು. ಇಸಾಮು ಹೋಗುತ್ತ ಅವನ ಕಿವಿಯ ಹತ್ತಿರ ಬಗ್ಗಿದ. "ಮುಗಿದೇ ಹೋಗಿತ್ತಲ್ಲೋ, ಕತ್ತೆ. ಸುಮ್ನೆ ಕೂತಿದ್ರೆ ಆಗ್ತಿತ್ತು."

"ಅಜ್ಜಿ ಬಗ್ತಿದ್ರು" ಎಂದ ಸೆಯಿಗೊ.

ಇಸಾಮು ಹಿಂಗೋಡೆಯತ್ತ ಒಮ್ಮೆ ನೋಡಿದ. ತನ್ನ ಚಾಕುವಿನ ಹಿಡಿಯನ್ನು ಅಂಗಿಯ ತೋಳಿಗೆ ಉಜ್ಜಿ ಒರೆಸಿಕೊಂಡು ಡ್ರಾಯರಿನ ಕಡೆಗೆ ನಡೆದ.

"ನೀನು ಬರೆಯೋದು ಮುಗಿಸು" ಎಂದರು ಮೇಷ್ಟ್ರು, ದೂರದಿಂದಲೇ.

"ಯಾವ ಕೈಲಿ ಮೇಷ್ಟ್ರೇ?"

"ರಕ್ತ ಬರದಿರೋ ಕೈಲಿ."

ಸೆಯಿಗೊ ಕುಳಿತ. ಎಡಗೈಯಲ್ಲಿ ಕುಂಚ. ಆದರೆ ಕಾಗದವನ್ನು ಒತ್ತಿ ಹಿಡಿಯಬೇಕಾದ ಇನ್ನೊಂದು ಕೈ ಹಿಡಿಯಲಾರದು. ಕುಂಚ ಎಳೆದತ್ತ ಕಾಗದವೂ ಎಳೆದು ಬರುತ್ತಿತ್ತು, ಬೆಟ್ಟವೆಂಬ ಅಕ್ಷರದ ನಡುಗೆರೆ ಓರೆಯಾಗಿ ಜಾರಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಆಗ ಪಕ್ಕದಲ್ಲಿ ಕರ್ಪೂರದ ವಾಸನೆ ಸುಳಿಯಿತು. ತಾಯಂದಿರ ಸಾಲನ್ನು ಬಿಟ್ಟು ಅಜ್ಜಿ ಮುಂದೆ ಬಂದಿದ್ದಳು. ರೇಷ್ಮೆಯ ತೋಳಿಗೆ ಮಸಿ ತಗಲದಂತೆ ಒಂದು ಕೈಯಿಂದ ಸೆರಗಿನ ಹಾಗೆ ಮೇಲೆತ್ತಿಕೊಂಡು, ಇನ್ನೊಂದು ಕೈಯ ಎರಡು ಬೆರಳುಗಳಿಂದ ಕಾಗದದ ಮೂಲೆಯನ್ನು ಅದುಮಿ ಹಿಡಿದಳು.

"ಬೇಗ ಬರಿ" ಎಂದಳು, ಅವನ ಮುಖ ನೋಡದೆ. "ನಿಂತು ನಿಂತು ನನ್ನ ಕಾಲು ಸೋತು ಹೋಯ್ತು."

ಡ್ರಾಯರಿಗೆ ಚಾಕುಗಳು ಬೀಳುತ್ತಲೇ ಇದ್ದವು. ಪ್ರತಿ ಸದ್ದಿಗೂ ಅವನ ಕೈ ಒಂದಿಷ್ಟು ಬೆಚ್ಚುತ್ತಿತ್ತು, ಗೆರೆ ಒಂದಿಷ್ಟು ನಡುಗುತ್ತಿತ್ತು. ಕಾಗದ ಮಾತ್ರ ಅಲುಗಲಿಲ್ಲ.