ಕರಿ ಮಣ್ಣಿನ ಮುಚ್ಚಳ

ಅವ್ವ ತೀರಿಕೊಂಡ ಮೇಲೆ ಅಣ್ಣ ನಮ್ಮೂರು ಎಕಂಬಾದ ಹೊಲ ಮಾರಿದ. ಅವನ ಅಂಗಡಿ ಇರುವುದು ಭಾಲ್ಕಿಯಲ್ಲಿ, ಹೊಲ ನೋಡುವವರು ಯಾರು? ನಾನು ಜಗಳ ತೆಗೆಯಲಿಲ್ಲ. ಕೊನೆಯ ಸಲ ಹೋದಾಗ ಹೊಲದ ಕರಿ ಮಣ್ಣನ್ನು ಚೀಲಗಳಲ್ಲಿ ತುಂಬಿಕೊಂಡು ಬೀದರಿಗೆ ಬಂದೆ. ಬೇರೆಯವರು ತವರಿನಿಂದ ಸೀರೆ ತರುತ್ತಾರೆ, ನಾನು ಮಣ್ಣು ತಂದೆ.

ನಮ್ಮ ಮನೆಯ ನೆಲ ಕೆಂಪು. ಅಂಗಳದ ಲಾನ್ ಮೇಲೆ ಆ ಮಣ್ಣು ಹರಡಿದೆ. ಕರಿ ಮಣ್ಣು ಬಿದ್ದರೆ ಏನು ಬೇಕಾದರೂ ಬೆಳೆಯುತ್ತದೆಂಬ ಜಂಬ ನಮ್ಮೂರಿನವರಿಗೆಲ್ಲ ಇದೆ. ಸಂಜೆ ನೀರು ಹೊಡೆದರೆ ಹೊಲದ ವಾಸನೆ ಏಳುತ್ತಿತ್ತು. ಅವ್ವ ಸೆರಗಿನಲ್ಲಿ ಹೆಸರುಕಾಯಿ ಕಟ್ಟಿಕೊಂಡು ಬರುತ್ತಿದ್ದದ್ದು, ನಾನು ಓಡಿಹೋಗಿ ಗಂಟು ಬಿಚ್ಚುತ್ತಿದ್ದದ್ದು ನೆನಪಾಗುತ್ತಿತ್ತು. ಆ ಮಣ್ಣು ನನಗೆ ಬೇಕಾಗಿತ್ತು.

ಹುಲ್ಲಿಗೆ ಬೇಕಿರಲಿಲ್ಲ. ನೀರು ಮೇಲೆಯೇ ನಿಂತು ಹುಲ್ಲು ಹಳದಿಯಾಯಿತು. ನನ್ನ ಗಂಡ ಸಿದ್ದೇಶ್ವರ ಮಹಾ ಎಂಜಿನಿಯರರಂತೆ ಹಾರೆಯಿಂದ ತೂತು ಹೊಡೆದರು. ಒಮ್ಮೆ ನೀರು ಬಿಟ್ಟಿದ್ದೇ ತಡ, ಎಲ್ಲ ಮುಚ್ಚಿಹೋದವು. ಕೊನೆಗೆ ಲಾನ್ ಕೆಲಸದ ಖಾಲಿದನನ್ನು ಕರೆಸಿದೆವು.

ಅವನು ಟೊಳ್ಳು ಕೊಳವೆಗಳ ಯಂತ್ರ ಓಡಿಸಿದ. ಬೆರಳುದ್ದದ ಮಣ್ಣಿನ ತುಂಡುಗಳು ಹೊರಬಿದ್ದವು. ಮೇಲೆ ಕಪ್ಪು, ಕೆಳಗೆ ಕೆಂಪು, ಎರಡೂ ಬೆರೆತೇ ಇರಲಿಲ್ಲ.

"ಕರಿ ಮಣ್ಣು ಮುಚ್ಚಳ ಆಗ್ಯಾದರಿ ಅಕ್ಕಾ. ಬೇರಿಗಿ ಗಾಳಿನೇ ಸಿಗವಲ್ದು. ಇದೆಲ್ಲ ತಗದು ಹಾಕಿ, ತೂತಿನಾಗ ಉಸುಕು ತುಂಬ್ತೇನಿ."

"ತಗದು ಎಲ್ಲಿ ಹಾಕ್ತಿ?"

"ರೋಡಿನ ಬಾಜೂಕ ತಗ್ಗ ಅದಲ್ರಿ, ಅದರಾಗ."

"ನಮ್ಮವ್ವನ್ನ ತಗ್ಗಿನಾಗ ಹಾಕ್ತಿ ಏನೋ?"

ಮಾತು ಬಾಯಿಂದ ಜಾರಿತ್ತು. ಖಾಲಿದ ಯಂತ್ರ ನಿಲ್ಲಿಸಿದ. ಸಿದ್ದೇಶ್ವರ ಒಳಗೆ ಹೋಗಿ ಹಳೆಯ ಪ್ಲಾಸ್ಟಿಕ್ ಟಬ್ ತಂದು, ತಳಕ್ಕೆ ತೂತು ಹೊಡೆದು, ನನ್ನ ಮುಂದಿಟ್ಟರು. ಅವರು ಹೊಡೆದ ತೂತು ಈ ಸಲವಾದರೂ ಉಪಯೋಗಕ್ಕೆ ಬಂತು. ನಾನು ಕೂತು ಒಂದೊಂದೇ ತುಂಡಿನ ಕಪ್ಪು ತುದಿ ಮುರಿದು ಟಬ್ಬಿಗೆ ಹಾಕಿದೆ. ಖಾಲಿದನೂ ಕೈಜೋಡಿಸಿದ.

ಮಳೆ ಬಿದ್ದ ಮೇಲೆ ಲಾನ್ ಹಸಿರಾಯಿತು. ಟಬ್ಬಿನಲ್ಲಿ ಹೆಸರುಕಾಳು ಹಾಕಿದ್ದೆ. ಕಾಯಿ ಬಲಿತ ದಿನ ಕಿತ್ತು, ಸೆರಗಿನಲ್ಲಿ ಕಟ್ಟಿಕೊಂಡು, ಹೊಸ್ತಿಲವರೆಗೆ ಬಂದು ನಿಂತೆ. ಗಂಟು ಬಿಚ್ಚಲು ಓಡಿಬರುತ್ತಿದ್ದ ಹುಡುಗಿ ನಾನೇ. ಈಗ ಗಂಟು ಹಿಡಿದು ಕಾಯುತ್ತ ನಿಂತವಳೂ ನಾನೇ.